ಪವರ್ ಸಪ್ಲೈಗೊಂದು ಟೀಕು

ಟೀಕೆ ಅಂದರೆ ಈಗ ಎಲ್ಲರಿಗೂ ಬೈಗುಳ. ಮೊದಲು ಹಾಗಿರಲಿಲ್ಲ. ಓಲೆಗರಿಯಲ್ಲಿ ಬಿಗಿದು ಬರೆದದ್ದನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರೆ ಅದೇ ಟೀಕು. ಆ ಹಳೆಯ ಅರ್ಥದಲ್ಲೇ ಇಲ್ಲಿ ಒಂದು ಹಾಳೆಗೆ ಟೀಕು ಬರೆಯುತ್ತಿದ್ದೇನೆ.

ಬೆಂಗಳೂರಿನ ದೊಡ್ಡನೆಕ್ಕುಂದಿಯ ನಮ್ಮ ಬೀದಿಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬನಿದ್ದಾನೆ. ಹೋದ ತಿಂಗಳು ಒಂದು ಪ್ಲಾಸ್ಟಿಕ್ ಟಿಫನ್ ಡಬ್ಬಿಯನ್ನೂ ನೋಟ್‌ಬುಕ್ಕಿನಿಂದ ಹರಿದ ಹಾಳೆಯನ್ನೂ ತಂದು ನನ್ನ ಮೇಜಿನ ಮೇಲಿಟ್ಟ. ಡಬ್ಬಿಯಲ್ಲಿ ಅವನೇ ಕಟ್ಟಿದ 12 ವೋಲ್ಟಿನ ಪವರ್ ಸಪ್ಲೈ. ಹಾಳೆಯಲ್ಲಿ ಅದರ ಜಾತಕ, ಒಂಬತ್ತು ಸಾಲು. ಈ ಕಡೆಯ ಹುಡುಗರಿಗೆ ಸೋಲ್ಡರಿಂಗ್ ಹುಚ್ಚು ಹೊಸದೇನಲ್ಲ. ಒಂದು ಕಡೆ ಎಚ್‌ಎಎಲ್, ಕೆ.ಆರ್. ಪುರದ ಕಡೆ ಹೋದರೆ 1948ರಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆ, ಬಗಲಲ್ಲೇ ಕೈಗಾರಿಕಾ ಪ್ರದೇಶ. ರಾಳದ ಹೊಗೆ ಕುಡಿದೇ ಬೆಳೆದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹುಡುಗ ಒಂಬತ್ತೂ ಸಾಲು ಪ್ರಾಮಾಣಿಕವಾಗಿ ಬರೆದಿದ್ದ, ತನ್ನ ತಪ್ಪನ್ನೂ ಮುಚ್ಚಿಟ್ಟಿರಲಿಲ್ಲ. ಅಷ್ಟಿದ್ದರೆ ಅರ್ಧ ರಿಪೇರಿ ಮುಗಿದ ಹಾಗೆ.

ಸಾಲು 1: «ಮೇನ್ಸ್ 230. ಟ್ರಾನ್ಸ್‌ಫಾರ್ಮರ್ 12-0-12, 1 ಆಂಪ್. ಎಸ್.ಪಿ. ರೋಡಿಂದ ತಂದಿದ್ದು.»

ಇದರಲ್ಲಿ ಮೂರು ಸಂಖ್ಯೆಗಳಿವೆ, ಮೂರಕ್ಕೂ ಒಳಗುಟ್ಟಿದೆ. 230 ಅನ್ನುವುದು ಹೆಸರಿಗೆ. ಸಂಜೆ ಎಲ್ಲರ ಮನೆಯಲ್ಲೂ ಗೀಸರ್, ಗ್ರೈಂಡರ್ ಓಡುವಾಗ ಕೆಳಗಿಳಿಯುತ್ತದೆ, ನಡುರಾತ್ರಿ 240 ಮುಟ್ಟುತ್ತದೆ. ಇನ್ನು ‘12’ ಅಂದರೆ ಪೂರ್ತಿ ಒಂದು ಆಂಪ್ ಎಳೆದಾಗ ಬರುವ ವೋಲ್ಟೇಜು. ಏನೂ ಎಳೆಯದಿದ್ದರೆ ಇಂಥ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಹದಿಮೂರೂವರೆ, ಹದಿನಾಲ್ಕು ಸಿಗುತ್ತದೆ. ‘1 ಆಂಪ್’ ಅನ್ನುವುದು ಎ.ಸಿ. ಲೆಕ್ಕ. ನಾಲ್ಕು ಡಯೋಡಿನ ಬ್ರಿಡ್ಜು, ಕೆಪಾಸಿಟರು ದಾಟಿ ಡಿ.ಸಿ. ಆಗಿ ಹೊರಬರುವಾಗ ಸಲೀಸಾಗಿ ಸಿಗುವುದು 0.6 ಆಂಪ್ ಆಸುಪಾಸು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚೀಟಿ ಓದುವುದಕ್ಕಿಂತ ಕೈಯಲ್ಲಿ ಹಿಡಿದು ತೂಕ ನೋಡುವುದು ವಾಸಿ. 24 ವಿ.ಎ. ಟ್ರಾನ್ಸ್‌ಫಾರ್ಮರು ಅರ್ಧ ಕೆಜಿಯ ಹತ್ತಿರ ತೂಗಬೇಕು. ಬೆಂಕಿಪೊಟ್ಟಣದ ಹಾಗೆ ಹಗುರವಿದ್ದರೆ ಒಳಗೆ ತಾಮ್ರವೂ ಇಲ್ಲ, ಕಬ್ಬಿಣವೂ ಇಲ್ಲ.

ಸಾಲು 2: «ಎರಡು ಹಳದಿ ವೈರು ಬ್ರಿಡ್ಜಿಗೆ ಕೊಟ್ಟೆ. ನಡುವಿನ ಕಪ್ಪು ಬಿಟ್ಟೆ.»

ಮೊದಲ ತಪ್ಪು ಇಲ್ಲಿದೆ. ಹೊಸಬರಲ್ಲಿ ಹತ್ತಕ್ಕೆ ಆರು ಮಂದಿ ಇದನ್ನೇ ಮಾಡುತ್ತಾರೆ, ನಾನೂ ಮಾಡಿದ್ದೇನೆ. 12-0-12 ಅಂದರೆ ನಡುವಿನ ಸೊನ್ನೆಯಿಂದ ಆ ಕಡೆಗೆ 12, ಈ ಕಡೆಗೆ 12. ಎರಡು ತುದಿ ಹಿಡಿದರೆ 24. ಎ.ಸಿ.ಯ 24 ಕೆಪಾಸಿಟರಿನಲ್ಲಿ 24 ಆಗಿ ಕೂರುವುದಿಲ್ಲ, ಅಲೆಯ ನೆತ್ತಿಗೆ ಏರಿ ಕೂರುತ್ತದೆ: 24ನ್ನು 1.414ರಿಂದ ಗುಣಿಸಿದರೆ 34. ಲೋಡ್ ಇಲ್ಲದಿದ್ದಾಗ 38ಕ್ಕೂ ಹೋಗುತ್ತದೆ. ಅವನು ಹಾಕಿದ್ದ ಕೆಪಾಸಿಟರಿನ ಮೈಮೇಲೆ ಬರೆದದ್ದು 25. ಮುಂದೇನಾಯಿತು ಅಂತ ನಾಲ್ಕನೇ ಸಾಲು ಹೇಳುತ್ತದೆ.

ಸಾಲು 3: «ಡಯೋಡ್ 1ಎನ್4007, ನಾಲ್ಕು.»

ಇದಕ್ಕೆ ಟೀಕು ಬೇಡ. ಬೆಳ್ಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಸಾವಿರ ವೋಲ್ಟ್ ತಡೆಯುವ, ಒಂದು ಆಂಪ್ ಬಿಡುವ ಸಾಮಾನು. ಈ ಕೆಲಸಕ್ಕೆ ಧಾರಾಳ.

ಸಾಲು 4: «ಕೆಪಾಸಿಟರ್ 1000 ಮೈಕ್ರೋ, 25 ವೋಲ್ಟ್. ಡಬ್ ಅಂತು. ಆಮೇಲೆ ಒಂದು ಹಳದಿ, ಒಂದು ಕಪ್ಪು ವೈರು ಕೊಟ್ಟು ಹೊಸದು ಹಾಕಿದೆ.»

‘ಡಬ್’ ಅನ್ನುವುದು ಈ ವಿದ್ಯೆಯ ಅಕ್ಷರಾಭ್ಯಾಸ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ತಲೆಯ ಮೇಲೆ ಸಣ್ಣದೊಂದು ಗುಣಾಕಾರದ ಚಿಹ್ನೆ ಕೊರೆದಿರುತ್ತದೆ. ಅದು ಅಂದಕ್ಕಲ್ಲ. ಒಳಗಿನ ದ್ರವ ಕುದ್ದು ಅನಿಲವಾದಾಗ ಅಲ್ಲೇ ಸೀಳಿಕೊಳ್ಳಲಿ, ಡಬ್ಬಿಯೇ ಬಾಂಬಾಗದಿರಲಿ ಅಂತ. ಅದಕ್ಕೇ ಹೊಸ ಸರ್ಕ್ಯೂಟಿಗೆ ಮೊದಲ ಸಲ ಕರೆಂಟ್ ಕೊಡುವಾಗ ಅದರ ಮೇಲೆ ಬಗ್ಗಿ ನೋಡಬಾರದು. ಹುಡುಗನ ಅದೃಷ್ಟ, ಮುಖ ದೂರವಿತ್ತು. ಇನ್ನೂ ಒಂದು ಅದೃಷ್ಟ, ವೋಲ್ಟೇಜನ್ನು 12ಕ್ಕೆ ಕಟ್ಟಿ ನಿಲ್ಲಿಸುವ 7812 ಐಸಿಯನ್ನು ಆಗಿನ್ನೂ ಹಾಕಿರಲಿಲ್ಲ. ಅದರ ಒಳಬಾಗಿಲು ತಡೆಯುವುದು 35 ವೋಲ್ಟ್ ಮಾತ್ರ.

ವೈರು ಬದಲಿಸಿದ್ದು ಸರಿ. ಈಗ ಬ್ರಿಡ್ಜಿಗೆ ಹೋಗುವುದು 12. ಆದರೆ ಇನ್ನೊಂದು ಹಳದಿ ವೈರು, ಅಂದರೆ ಸುತ್ತಿದ ತಾಮ್ರದಲ್ಲಿ ಅರ್ಧ, ಸುಮ್ಮನೆ ಕೂತಿದೆ. ದುಡ್ಡು ಕೊಟ್ಟು ತಂದ ಜೋಡೆತ್ತಿನಲ್ಲಿ ಒಂದನ್ನೇ ಗಾಡಿಗೆ ಕಟ್ಟಿದ ಹಾಗೆ. ಈ ಟ್ರಾನ್ಸ್‌ಫಾರ್ಮರಿಗೆ ಬ್ರಿಡ್ಜೇ ಬೇಡ. ಎರಡು ಹಳದಿ ವೈರಿಗೆ ಒಂದೊಂದು ಡಯೋಡು, ಎರಡರ ಪಟ್ಟಿಯ ತುದಿ ಸೇರಿಸಿದರೆ ಪ್ಲಸ್. ಕಪ್ಪು ವೈರೇ ಮೈನಸ್. ಬ್ರಿಡ್ಜಿನಲ್ಲಿ ಕರೆಂಟು ಪ್ರತಿ ಸಲವೂ ಎರಡು ಡಯೋಡು ದಾಟಬೇಕು, 1.4 ವೋಲ್ಟ್ ಸುಂಕ. ಹೀಗೆ ಮಾಡಿದರೆ ಒಂದೇ ಡಯೋಡು, 0.7 ಸುಂಕ. ಉಳಿಯುವ 0.7 ವೋಲ್ಟಿನ ಬೆಲೆ ಏನು ಅಂತ ಆರನೇ ಸಾಲಿನಲ್ಲಿ ಗೊತ್ತಾಗುತ್ತದೆ.

ಸಾಲು 5: «7812 ಹಾಕಿದೆ. ಮೀಟರಲ್ಲಿ 12.02. ಓಕೆ.»

ಆ ‘ಓಕೆ’ ಬಗ್ಗೆ ನನ್ನ ತಕರಾರಿದೆ. ಏನೂ ಜೋಡಿಸದೆ ಅಳೆದ ವೋಲ್ಟೇಜು ಇಳಿಜಾರಿನಲ್ಲಿ ಓಡಿಸಿ ನೋಡಿದ ಖಾಲಿ ಬಸ್ಸು. ಒಂದೇ ಎಳೆ ತಂತಿ ಹಿಡಿದುಕೊಂಡಿದ್ದರೂ, ಸೋಲ್ಡರ್ ಅರೆಬೆಂದಿದ್ದರೂ ಮೀಟರಿಗೆ ಬೇಕಾದ ಚೂರುಪಾರು ಕರೆಂಟು ನುಸುಳಿ 12.02 ತೋರಿಸಿಯೇ ತೋರಿಸುತ್ತದೆ. ಪರೀಕ್ಷೆ ಮಾಡುವುದಿದ್ದರೆ ಭಾರ ಹೊರಿಸಿ ಮಾಡಬೇಕು. ಸ್ಕೂಟರಿನ 12 ವೋಲ್ಟ್ 5 ವಾಟ್ ಬಲ್ಬು ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಅದು 0.4 ಆಂಪ್ ಚಿಲ್ಲರೆ ಎಳೆಯುತ್ತದೆ. ಅದನ್ನು ಉರಿಸಿಕೊಂಡು, ಬೆಳಕಿರುವಾಗಲೇ ಮೀಟರ್ ಇಡಬೇಕು.

ಹುಡುಗನ ಬಳಿ ಬಲ್ಬು ಇರಲಿಲ್ಲ. ನಾನು ಕೊಟ್ಟೆ. 12.02 ಅನ್ನುತ್ತಿದ್ದ ಸಪ್ಲೈ 11.3ಕ್ಕೆ ಇಳಿದು ಅಲ್ಲೇ ನಡುಗುತ್ತಾ ನಿಂತಿತು.

ಐಸಿಯ ಕಾಲುಗಳ ಬಗ್ಗೆ ಅವನು ಏನೂ ಬರೆದಿಲ್ಲ, ಆದರೆ ಸರಿಯಾಗಿ ಹಾಕಿದ್ದಾನೆ. ಬರೆದಿರುವ ಮುಖ ನಮ್ಮ ಕಡೆ ಇದ್ದರೆ ಎಡದಿಂದ ಒಳಬಾಗಿಲು, ನೆಲ, ಹೊರಬಾಗಿಲು. ಇದನ್ನೇ ಬಾಯಿಪಾಠ ಮಾಡಿಕೊಂಡು 7912ಕ್ಕೋ ಎಲ್‌ಎಂ317ಕ್ಕೋ ಹಚ್ಚಿದರೆ ಸುಡುತ್ತದೆ. ಅವುಗಳ ಕಾಲಿನ ಕ್ರಮವೇ ಬೇರೆ.

ಸಾಲು 6: «ಆಂಪ್ಲಿಫೈಯರ್ ಹಾಕಿದರೆ ಗುಂಯ್ ಅನ್ನುತ್ತೆ. ಸೌಂಡ್ ಜಾಸ್ತಿ ಮಾಡಿದರೆ ಗುಂಯ್ ಕೂಡ ಜಾಸ್ತಿ.»

ಎರಡನೆಯ ವಾಕ್ಯ ಚಿನ್ನದಂಥದ್ದು. ಸೌಂಡ್ ಏರಿಸಿದಾಗ, ಅಂದರೆ ಕರೆಂಟು ಜಾಸ್ತಿ ಎಳೆದಾಗ ಗುಂಯ್ ಏರುತ್ತದೆ ಅಂದರೆ ಆಂಪ್ಲಿಫೈಯರಿಗಿಂತ ಮೊದಲು ಸಪ್ಲೈ ಮೇಲೆ ಅನುಮಾನ ಪಡಬೇಕು.

ನಮ್ಮ ಕಡೆಯವರಿಗೆ ಇದನ್ನು ಟ್ಯಾಂಕರ್ ಲೆಕ್ಕದಲ್ಲಿ ಹೇಳಿದರೆ ತಕ್ಷಣ ಹೊಳೆಯುತ್ತದೆ. ಡಯೋಡು ದಾಟಿ ಬರುವ ಕರೆಂಟು ಕೊಳಾಯಿ ನೀರಲ್ಲ, ಟ್ಯಾಂಕರ್ ನೀರು: ಬರುತ್ತದೆ, ಸುರಿಯುತ್ತದೆ, ಹೋಗುತ್ತದೆ. ಸೆಕೆಂಡಿಗೆ ನೂರು ಟ್ಯಾಂಕರು. ಎರಡು ಟ್ಯಾಂಕರುಗಳ ನಡುವೆ ಮನೆ ನಡೆಯುವುದು ಸಂಪಿನ ನೀರಿನಲ್ಲಿ, ಆ ಸಂಪೇ ಕೆಪಾಸಿಟರು. ಸಂಪು ಚಿಕ್ಕದಿದ್ದು ಮನೆಯಲ್ಲಿ ಜನ ಜಾಸ್ತಿಯಿದ್ದರೆ ಮುಂದಿನ ಟ್ಯಾಂಕರ್ ಬರುವಷ್ಟರಲ್ಲಿ ಮೋಟರು ಗಾಳಿ ಎಳೆಯುತ್ತದೆ. ಆ ಗಾಳಿ ಎಳೆಯುವ ಸದ್ದೇ ಗುಂಯ್.

ಲೆಕ್ಕ ಹಾಕೋಣ. ಆಂಪ್ಲಿಫೈಯರು ಎಳೆಯುವುದು ಅರ್ಧ ಆಂಪ್. ಎರಡು ಅಲೆಗಳ ನಡುವೆ ಹತ್ತು ಮಿಲಿಸೆಕೆಂಡು. ಕೆಪಾಸಿಟರು 1000 ಮೈಕ್ರೋಫ್ಯಾರಡ್. ಕರೆಂಟನ್ನು ಸಮಯದಿಂದ ಗುಣಿಸಿ ಕೆಪಾಸಿಟರಿನಿಂದ ಭಾಗಿಸಿದರೆ 5 ವೋಲ್ಟ್. ಹತ್ತು ಮಿಲಿಸೆಕೆಂಡು ಪೂರ್ತಿಯಾಗುವ ಮೊದಲೇ ಮುಂದಿನ ಅಲೆ ತುಂಬಿಸಲು ಶುರುಮಾಡುವುದರಿಂದ ನಿಜದಲ್ಲಿ 4 ಅನ್ನಿ. ನೆತ್ತಿ ಎಷ್ಟು? 12ರ ನೆತ್ತಿ 17, ಬ್ರಿಡ್ಜಿನ ಸುಂಕ ಕಳೆದು 15.6. ಅದರಿಂದ 4 ಇಳಿದರೆ ತಗ್ಗಿನಲ್ಲಿ ಉಳಿಯುವುದು 11.6. ಆದರೆ 7812 ನೆಟ್ಟಗೆ 12 ಕೊಡಬೇಕಾದರೆ ಒಳಬಾಗಿಲಲ್ಲಿ ಎರಡು ವೋಲ್ಟ್ ಮಿಗಿಲು, ಅಂದರೆ 14 ಇರಲೇಬೇಕು. ಪ್ರತಿ ಅಲೆಯ ತಗ್ಗಿನಲ್ಲೂ ಐಸಿ ಸೋಲುತ್ತಿದೆ, ಸೆಕೆಂಡಿಗೆ ನೂರು ಸಲ. ಸ್ಪೀಕರಿನಲ್ಲಿ ಕೇಳುವುದು ಆ ಸೋಲು.

ಸಂಪು ದೊಡ್ಡದು ಮಾಡಿದೆವು: 4700 ಮೈಕ್ರೋ, 35 ವೋಲ್ಟ್. ಅದೇ ಲೆಕ್ಕದಲ್ಲಿ ಇಳಿತ ಒಂದು ವೋಲ್ಟಿನಷ್ಟು. ಜೊತೆಗೆ ಬ್ರಿಡ್ಜ್ ಕಿತ್ತು ಎರಡು ಡಯೋಡಿಗೆ ಬಂದದ್ದರಿಂದ ನೆತ್ತಿ 16.3. ತಗ್ಗು 15.3. ಗುಂಯ್ ಹೋಯಿತು. ಸಾಲು 4ರಲ್ಲಿ ಉಳಿದ 0.7 ಇಲ್ಲಿ ಕೆಲಸಕ್ಕೆ ಬಂತು.

ಒಂದು ಎಚ್ಚರಿಕೆ. ಈ ಏರಿಳಿತವನ್ನು ಮೀಟರಿನ ಎ.ಸಿ. ರೇಂಜಿನಲ್ಲಿ ಅಳೆಯಬಹುದು ಅಂತ ಯಾರೋ ಹೇಳಿದ್ದನ್ನು ಕೇಳಿ ಹುಡುಗ ಅಳೆದಿದ್ದ, 33 ವೋಲ್ಟ್ ಬಂದು ಗಾಬರಿಯಾಗಿದ್ದ. ತಪ್ಪು ಅವನದಲ್ಲ. ಅವನ ಬಳಿ ಇರುವಂಥ ಅಗ್ಗದ ಹಳದಿ ಮೀಟರುಗಳು ಎ.ಸಿ. ರೇಂಜಿನಲ್ಲಿ ಡಿ.ಸಿ.ಯನ್ನು ತಡೆಯುವುದೇ ಇಲ್ಲ. ಒಂದು ಕಡೆ ಹಿಡಿದರೆ ಎರಡರಷ್ಟಕ್ಕಿಂತ ಮೇಲೆ ತೋರಿಸುತ್ತವೆ, ತಿರುಗಿಸಿ ಹಿಡಿದರೆ ಸೊನ್ನೆ. 

ಸೆಕೆಂಡಿಗೆ ನೂರು ಟ್ಯಾಂಕರು ಅಂದೆನಲ್ಲ, ಆ ನೆಪದಲ್ಲಿ ಒಂದು ಹಳೆಯ ಕಥೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊರಟಿತಲ್ಲ, ಅದು ಈಗಿನ 50 ಸೈಕಲ್ಲಿನದಲ್ಲ, 25ರದು. ಆ ಕರೆಂಟಿನಲ್ಲಿ ಈ ಡಬ್ಬಿ ಓಡಿಸಬೇಕಾಗಿದ್ದರೆ ಟ್ಯಾಂಕರುಗಳು ಸೆಕೆಂಡಿಗೆ ಐವತ್ತೇ, ಸಂಪು ಎರಡರಷ್ಟು ದೊಡ್ಡದು ಬೇಕಾಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ ಹೆಚ್ಚು ಬೇಕು, ಅದು ಬೇರೆ ಮಾತು.

ಸಾಲು 7: «ಹತ್ತು ನಿಮಿಷಕ್ಕೆ ಐಸಿ ಮುಟ್ಟೋಕಾಗಲ್ಲ. ಆಮೇಲೆ ಆಫ್ ಆಗುತ್ತೆ. ಮುಚ್ಚಳ ತೆಗೆದರೆ ಆನ್ ಆಗುತ್ತೆ.»

ಸಾಲು 8: «ಐಸಿ ಮೂರು ಸಲ ಬದಲಾಯಿಸಿದೆ. ಅದೇ ಕಥೆ.»

ಇವೆರಡನ್ನೂ ಒಟ್ಟಿಗೇ ಓದಬೇಕು, ಯಾಕೆಂದರೆ ಏಳನೇ ಸಾಲಿನಲ್ಲಿ ಕಂಡದ್ದನ್ನು ನಂಬಿ ಎಂಟನೇ ಸಾಲಿನಲ್ಲಿ ಅವನು ಮೋಸಹೋಗಿದ್ದಾನೆ. ಬಿಸಿ ಕಂಡ. ಬಿಸಿಯಾದದ್ದೇ ಕಳ್ಳ ಅಂದುಕೊಂಡ.

ಕೈಗೆ ಬಿಸಿ ಅನ್ನುವುದು ಅರವತ್ತು ಡಿಗ್ರಿಯ ಒಳಗೇ ಮುಗಿದುಹೋಗುತ್ತದೆ. ಅದಕ್ಕಿಂತ ಮೇಲಿನದೆಲ್ಲ ಬೆರಳಿಗೆ ಒಂದೇ, ‘ಹಾ!’. ಐಸಿಯ ಒಳಗಿನ ಸಿಲಿಕಾನ್ ಚೂರು 125 ಡಿಗ್ರಿಯವರೆಗೆ ಕೆಲಸ ಮಾಡುವಂತೆ ಮಾಡಿದ್ದು. ಹೀಟ್‌ಸಿಂಕ್ ಇಲ್ಲದೆ ನಿಲ್ಲಿಸಿದ ಇಂಥ ಐಸಿಯೊಳಗೆ ಪ್ರತಿ ವಾಟಿಗೂ ಸುಮಾರು 65 ಡಿಗ್ರಿ ಏರುತ್ತದೆ. ಅವನ ಸರ್ಕ್ಯೂಟಿನಲ್ಲಿ ಐಸಿ ಸುಡುತ್ತಿದ್ದದ್ದು ಒಂದು ವಾಟಿನ ಆಸುಪಾಸು. ಹೊರಗಿನ 30ಕ್ಕೆ 65 ಸೇರಿಸಿದರೆ 95. ಬೆರಳು ಸುಡುತ್ತದೆ, ನಿಜ, ಆದರೆ ಐಸಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುವಷ್ಟಲ್ಲ. ಹಾಗಾದರೆ ಆಫ್ ಆಗುತ್ತಿದ್ದದ್ದು ಬೇರೆ ಯಾವುದೋ.

ಬಲ್ಬು ಉರಿಸಿಟ್ಟು ಮುಚ್ಚಳ ಹಾಕಿದೆವು. ಹನ್ನೊಂದನೇ ನಿಮಿಷಕ್ಕೆ ಬಲ್ಬು ಕಣ್ಣು ಮಿಟುಕಿಸಿ ಆರಿತು. ಮುಚ್ಚಳ ತೆಗೆದು, ಮೇನ್ಸಿನ ಕಡೆಗೆ ಕೈ ಹಾಕದೆ, ಮೀಟರಿನ ಕಪ್ಪು ಕಡ್ಡಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಬರುವ ಮೈನಸ್‌ಗೆ ಹಿಡಿಸಿದೆ. ಕೆಂಪು ಕಡ್ಡಿ ಹಿಡಿದು ಹಿಂದಿನಿಂದ ಮುಂದಕ್ಕೆ ಬಂದೆವು. ಪ್ಲಸ್ಸಿನ ದಾರಿಯೆಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಮೈನಸ್ ಜಂಪರ್. ಅದೊಂದು ಎರಡಿಂಚಿನ ತಂತಿ, ಅಷ್ಟೆ. ಎರಡು ತುದಿಯ ನಡುವೆ ಸೊನ್ನೆ ಬರಬೇಕು. ಬಂದದ್ದು ಒಂಬತ್ತು ವೋಲ್ಟ್, ಆಮೇಲೆ ಎರಡು, ಮತ್ತೆ ಒಂಬತ್ತು. ಪೆನ್ಸಿಲಿನ ತುದಿಯಿಂದ ಸೋಲ್ಡರಿನ ಗುಂಡನ್ನು ಮೆಲ್ಲಗೆ ತಟ್ಟಿದೆ. ಬಲ್ಬು ಉರಿಯಿತು.

ಡ್ರೈ ಸೋಲ್ಡರ್. ಭೂತಗನ್ನಡಿಯಲ್ಲಿ ನೋಡಿದರೆ ತಂತಿಯ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಹಳೆಯ ತಂತಿಯನ್ನು ಕೆರೆಯದೆ, ಐರನ್ನಿನ ತುದಿಯಲ್ಲಿ ಸೀಸ ಕರಗಿಸಿ ತಂದು ತೊಟ್ಟಿಕ್ಕಿಸಿದ್ದಾನೆ. ಸೀಸ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ಕೂತಿದೆ, ಅಂಟಿಲ್ಲ. ತಣ್ಣಗಿದ್ದಾಗ ತಾಗಿಕೊಂಡಿರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಬಿಸಿಯೇರಿ ಎಲ್ಲವೂ ಚೂರು ಹಿಗ್ಗಿದಾಗ ಬಿಡುತ್ತದೆ. ಮುಚ್ಚಳ ತೆಗೆದಾಗ ಐಸಿ ತಣ್ಣಗಾಯಿತು, ಜಂಪರೂ ತಣ್ಣಗಾಯಿತು. ಹುಡುಗನಿಗೆ ಕಂಡದ್ದು ಐಸಿ ಮಾತ್ರ.

ಮೂರು ಸಲ ಐಸಿ ಕಿತ್ತು ಹಾಕಿದ್ದರಿಂದ ಇನ್ನೊಂದು ಕೇಡೂ ಆಗಿತ್ತು. ಬೋರ್ಡಿನ ಹಿಂದೆ ಐಸಿಯ ನಡುಗಾಲಿನ ತಾಮ್ರದ ಉಂಗುರ ಮೇಲೆದ್ದು ಬಂದಿತ್ತು. ಅದು ಪೂರ್ತಿ ಕಳಚಿದ್ದರೆ ಐಸಿಗೆ ನೆಲವೇ ಇರುತ್ತಿರಲಿಲ್ಲ, ಒಳಗಿನ ವೋಲ್ಟೇಜು ಹೆಚ್ಚುಕಡಿಮೆ ಹಾಗೇ ಹೊರಗೆ ಹೋಗಿ ಆಂಪ್ಲಿಫೈಯರಿಗೆ ಬಡಿಯುತ್ತಿತ್ತು. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಹೊಸ ರೋಗ ತರುವುದು ಅಂದರೆ ಇದೇ. ಸಾಮಾನು ಬದಲಿಸುವ ಕೈಗಿಂತ ಅಳೆಯುವ ಕೈ ಮುಂದಿರಬೇಕು ಅಂತ ನಾನು ಹೇಳುವುದು ಈ ಉಂಗುರವನ್ನು ನೋಡಿ. ತಂತಿ ಕೆರೆದು, ಮೊದಲು ತಂತಿಗೂ ತಾಮ್ರಕ್ಕೂ ಐರನ್ ತಾಗಿಸಿ ಬಿಸಿಮಾಡಿ, ಆಮೇಲೆ ಸೀಸ ಕೊಟ್ಟು ಜಂಪರ್, ಐಸಿಯ ನಡುಗಾಲು ಎರಡನ್ನೂ ಮತ್ತೆ ಕಟ್ಟಿಸಿದೆ.

ಹಾಗಂತ ಹೀಟ್‌ಸಿಂಕ್ ಬೇಡ ಅಂತಲ್ಲ. ಗುಂಯ್ ಹೋಗಲಾಡಿಸಲು ಕೆಪಾಸಿಟರು ದೊಡ್ಡದು ಮಾಡಿದೆವಲ್ಲ, ಅದರಿಂದ ಐಸಿಯ ಒಳಬಾಗಿಲಿನ ಸರಾಸರಿ ವೋಲ್ಟೇಜು ಏರಿತು. ಈಗ ಸುಡುವುದು ಸುಮಾರು ಎರಡು ವಾಟ್. 65ರ ಲೆಕ್ಕದಲ್ಲಿ 160 ಆಗುತ್ತದೆ, ಈಗ ನಿಜವಾಗಿಯೂ ಆಫ್ ಆಗುತ್ತದೆ. ಅಂಗೈಯಷ್ಟು ಅಲ್ಯೂಮಿನಿಯಂ ತಗಡಿಗೆ ಬೋಲ್ಟು ಹಾಕಿ ಬಿಗಿದೆವು. ಡಬ್ಬಿಗೆ ಕೆಳಗೂ ಮೇಲೂ ತೂತು ಕೊರೆದೆವು, ತಗಡಿನ ಬಿಸಿ ಹೊತ್ತೊಯ್ಯುವುದು ಗಾಳಿಯೇ ಅಲ್ಲವೇ. ನಮ್ಮೂರಿನ ಪಕ್ಕದಲ್ಲೇ ಇಸ್ರೋದವರ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರವಿದೆ. ಅಲ್ಲಿ ಉಪಗ್ರಹಗಳನ್ನು ಗಾಳಿ ತೆಗೆದ ಕೋಣೆಯಲ್ಲಿಟ್ಟು ಬಿಸಿಮಾಡಿ, ತಣ್ಣಗೆ ಮಾಡಿ ಪರೀಕ್ಷಿಸುತ್ತಾರೆ. ಬಾಹ್ಯಾಕಾಶದಲ್ಲಿ ಬಿಸಿ ಹೊತ್ತೊಯ್ಯಲು ಗಾಳಿಯೇ ಇಲ್ಲ. ಈ ಹುಡುಗ ಟಿಫನ್ ಡಬ್ಬಿಯ ಮುಚ್ಚಳ ಬಿಗಿದು ಹತ್ತಿರ ಹತ್ತಿರ ಅದೇ ಪರೀಕ್ಷೆ ಮಾಡಿದ್ದಾನೆ, ಗೊತ್ತಿಲ್ಲದೆ.

ಸಾಲು 9: «ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ 10 ವೋಲ್ಟ್ ಅಷ್ಟೇ. ಆದರೆ ಗುಂಯ್ ಕಮ್ಮಿ.»

ಇಡೀ ಹಾಳೆಯಲ್ಲಿ ನನಗೆ ಅತಿ ಇಷ್ಟವಾದ ಸಾಲು ಇದು. ಬೇರೆಯವರಾಗಿದ್ದರೆ ಮೊದಲ ವಾಕ್ಯ ಮಾತ್ರ ಬರೆಯುತ್ತಿದ್ದರು.

ಅವರ ಮನೆಯಲ್ಲಿರುವುದು ಚೌಕದ ಅಲೆ ಕೊಡುವ ಹಳೆಯ ಯುಪಿಎಸ್. ಮೇನ್ಸಿನ 230ರ ಅಲೆ ಗುಡ್ಡದ ಹಾಗೆ, ನೆತ್ತಿ 325 ಮುಟ್ಟುತ್ತದೆ. ಚೌಕದ ಅಲೆ ಮೇಜಿನ ಹಾಗೆ, ನೆತ್ತಿಯೂ 230ರ ಆಸುಪಾಸೇ. ಟ್ರಾನ್ಸ್‌ಫಾರ್ಮರಿನಲ್ಲೂ ಹಾಗೆಯೇ, 1.414ರ ಲಾಭ ಇಲ್ಲ. ಅರ್ಧ ಲೋಡಿನಲ್ಲಿ 13 ಬಂದರೆ ಬ್ರಿಡ್ಜಿನ ಸುಂಕ ಕಳೆದು 11.6, ಐಸಿ ತನ್ನ ಪಾಲು ತೆಗೆದುಕೊಂಡು 10. ಗುಂಯ್ ಯಾಕೆ ಕಮ್ಮಿ? ಮೇಜಿಗೆ ಕಣಿವೆ ಇಲ್ಲವಲ್ಲ. ಟ್ಯಾಂಕರ್ ಹೋಗುವ ಮೊದಲೇ ಇನ್ನೊಂದು ಬಂದು ನಿಂತಿರುತ್ತದೆ.

ಇದಕ್ಕೆ ರಿಪೇರಿ ಉಂಟೆ? 15-0-15 ಟ್ರಾನ್ಸ್‌ಫಾರ್ಮರ್ ಹಾಕಬಹುದು. ಹಾಕಿದರೆ ಮೇನ್ಸಿನಲ್ಲಿ ಐಸಿ ಎರಡರ ಬದಲು ನಾಲ್ಕು ವಾಟ್ ಸುಡುತ್ತದೆ, ಇನ್ನೂ ದೊಡ್ಡ ತಗಡು ಬೇಕು. ದಿನಕ್ಕೆ ಅರ್ಧ ಗಂಟೆಯ ಪವರ್ ಕಟ್‌ಗೋಸ್ಕರ ಉಳಿದ ಇಪ್ಪತ್ಮೂರೂವರೆ ಗಂಟೆ ಬಿಸಿ ಕಾಯಿಸುವುದು ದಂಡ. ಆ ಆಂಪ್ಲಿಫೈಯರ್ 10 ವೋಲ್ಟಿನಲ್ಲೂ ಹಾಡುತ್ತದೆ, ಸ್ವಲ್ಪ ಮೆಲ್ಲಗೆ. ಹಾಗೇ ಬಿಡು ಅಂದೆ.

ಬರೆಯದ ಸಾಲು

ಹಾಳೆಯಲ್ಲಿ ಇರಲೇಬೇಕಾಗಿದ್ದ ಒಂದು ಸಾಲು ಇಲ್ಲ. ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರಿಗೆ ವೈರು ನೇರವಾಗಿ ಹೋಗಿದೆ. ಸ್ವಿಚ್ಚಿಲ್ಲ, ಫ್ಯೂಸಿಲ್ಲ, ಎರಡು ಪಿನ್ನಿನ ಪ್ಲಗ್ಗು, ಬೆಸುಗೆಯ ಮೇಲೆ ಬರೀ ಟೇಪು. ಸೆಕೆಂಡರಿ ಶಾರ್ಟಾದರೆ ಮನೆಯ ಎಂಸಿಬಿ ಬೀಳುವುದಿಲ್ಲ. ಇಂಥ ಟ್ರಾನ್ಸ್‌ಫಾರ್ಮರು ಮೇನ್ಸಿನಿಂದ ಎಳೆಯುವುದೇ 0.1 ಆಂಪ್, ಶಾರ್ಟಾದರೂ ಎಂಸಿಬಿಯ ಕಣ್ಣಿಗೆ ಅದು ಬೀಳದು. ಡಬ್ಬಿ ಮೆಲ್ಲಗೆ ಕರಗುತ್ತದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ.

250 ಮಿಲಿಆಂಪಿನ ನಿಧಾನ ಫ್ಯೂಸನ್ನು ಫೇಸ್ ವೈರಿಗೆ ಹಾಕಿಸಿದೆ. ಮೂರು ಪಿನ್ನಿನ ಪ್ಲಗ್ಗು ಹಾಕಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣಕ್ಕೆ ಅರ್ಥ್ ಕೊಟ್ಟೆವು, ಬೆಸುಗೆಗಳಿಗೆ ಸ್ಲೀವು ಏರಿಸಿದೆವು. ಆಮೇಲೆ ಮೊದಲ ಸಲ ಕರೆಂಟ್ ಕೊಟ್ಟದ್ದು ನನ್ನ ಹಳೆಯ ಸೀರೀಸ್ ಬೋರ್ಡಿನಿಂದ, 25 ವಾಟಿನ ಬಲ್ಬಿನ ಮೂಲಕ. ಒಳಗೆ ಶಾರ್ಟಿದ್ದರೆ ಆ ಬಲ್ಬು ಜೋರಾಗಿ ಉರಿದು ಹೇಳುತ್ತದೆ, ಡಬ್ಬಿಗೆ ಏನೂ ಆಗುವುದಿಲ್ಲ. ಬಲ್ಬಿನ ತಂತಿ ಮಂಕಾಗಿ ಕೆಂಪಾಗಿ ಹಾಗೇ ನಿಂತಿತು. ಸರಿಯಿದೆ ಅಂತ ಅರ್ಥ.

ನಿಮ್ಮ ಮನೆಯಲ್ಲೂ ಮಕ್ಕಳು ಕಟ್ಟಿದ ಇಂಥದೊಂದು ಡಬ್ಬಿ ಇದ್ದರೆ ಇವತ್ತೇ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಮುಚ್ಚಳ ತೆಗೆದು ನೋಡಿ. ಫ್ಯೂಸ್ ಕಾಣದಿದ್ದರೆ ಅದನ್ನು ಹಾಕಿಸುವವರೆಗೆ ಮತ್ತೆ ಪ್ಲಗ್ ಹಾಕಬೇಡಿ.